ಗುಡ್ಡಕ್ಕ ಬೆಂಕಿ ಹತ್ತಿದಾಗ ಫೋಟೊ ಹ್ಯಾಂಗ ತೆಗಿತೀರಿ? ನನ್ನವೆಲ್ಲಾ ಹಾಳಾಗ್ಯಾವ

ಮುಲ್ಲಾಮಾರಿ ದಂಡಿ (ಚಿಂಚೋಳಿ)

ಶರಣ್ರೀ ಎಲ್ಲಾರಿಗೂ. ನಾ ಕಲಬುರಗಿದಾಗ ಮದುವಿ, ಕುಬಸ, ತೊಟ್ಲ ಫೋಟೊ ತೆಗೆದು ಹೊಟ್ಟಿ ತುಂಬ್ಕೊಳ್ಳವ. ಊರು ಚಿಂಚೋಳಿ ಕಡಿ. ಹೋದ ಐತವಾರ ಊರಿಗೆ ಹೋಗಿದ್ದೆ. ಸಂಜಿ ಏಳರ ಸುಮಾರ ಕುಂಚಾವರಂ ರೋಡಿಗಿ ಗಾಡಿ ಮ್ಯಾಲ ಬರಲತ್ತಿದ್ದೆ, ಎಡಕ್ಕ ಗುಡ್ಡದ ಮ್ಯಾಲ ಒಂದು ಕೆಂಪನ ಗೆರಿ ಕಾಣ್ತು. ಮದಲ ಯಾವದೋ ತಾಂಡಾದ ಲೈಟಿನ ಸಾಲು ಅನ್ಕೊಂಡೆ. ಆಮ್ಯಾಲ ಗೆರಿ ಮ್ಯಾಲಕ್ಕ ಹತ್ತಲಾಕ ಶುರು ಆತು. ಬೆಂಕಿ.

ಗಾಡಿ ನಿಲ್ಲಿಸಿ ಬ್ಯಾಗ್ ಬಿಚ್ಚಿದೆ. ಒಂದು ತಾಸು ನಿಂತು 142 ಫೋಟೊ ಹೊಡದೆ. ಮನಿಗಿ ಬಂದು ಹಾಕಿ ನೋಡ್ತೀನಿ, ಒಂದೂ ಕೆಲಸಕ್ಕ ಬರಲ್ಲ. ಉರಿ ಅಂಬೋದು ಸುಣ್ಣ ಬಳದಂಗ ಬೆಳ್ಳಗ ಆಗ್ಯದ, ಕೆಂಪಿಲ್ಲ, ಹಳದಿಲ್ಲ. ಅರ್ಧಕ್ಕರ್ಧಕ್ಕ ಫೋಕಸೇ ಇಲ್ಲ, ಲೆನ್ಸು ಕತ್ಲಾಗ ಹಿಂದ ಮುಂದ ಅಂತ ಹುಡುಕ್ಯಾಡಿ ಸುಮ್ಮನಾಗ್ಯದ. ನನ್ನ ಹತ್ರ 70-200 ಝೂಮ್ ಲೆನ್ಸ್ ಅದ, 50 ಎಂಎಂ ಒಂದದ. ಹತ್ತು ವರ್ಷ ಆತು ಈ ಧಂದೆಕ್ಕ ಬಂದು, ಹಿಂಗ ಮರ್ಯಾದಿ ಹೋಗಿದ್ದಿಲ್ಲ.

ಬಂಡೀಪುರ, ನಾಗರಹೊಳಿ ನ್ಯಾಷನಲ್ ಪಾರ್ಕಿಗೆ ಬೆಂಕಿ ಬಿದ್ದಾಗ ಪೇಪರದಾಗ ಎಂಥೆಂಥಾ ಫೋಟೊ ಬರ್ತಾವಲ್ಲ, ಅವ್ರು ಏನ್ ಮಾಡ್ತಾರ? ತಿಳಿದವ್ರು ಜರಾ ಹೇಳ್ರಿ.

ಕರಿಭೂಮಿ (ಕಲಬುರಗಿ)

ತಮ್ಮಾ, ಮಂಟಪದ ಸೆಟ್ಟಿಂಗ್ ಹಾಕ್ಕೊಂಡು ಬೆಂಕಿ ತೆಗದ್ರ ಹಂಗೇ ಆಗೋದು. ನಾ ಪತ್ರಿಕೆಗೆ ಇಪ್ಪತ್ತು ವರ್ಷ ಫೋಟೊ ಕೊಟ್ಟಾಕಿ, ಕಾಡಿನ ಬೆಂಕಿ ತೆಗೆದದ್ದು ಕಡಿಮಿ. ಕಾಟನ್ ಜಿನ್ನಿಂಗ್ ಮಿಲ್ಲು, ಬಣವಿ, ಕಬ್ಬಿನ ಹೊಲ ಇಂಥಾವೇ ಜಾಸ್ತಿ. ಆದ್ರ ಉರಿ ಎಲ್ಲಿದ್ರೂ ಉರೀನೇ.

ಕ್ಯಾಮೆರಾ ಮುಂದ ಏನದ? ಮುಕ್ಕಾಲು ಭಾಗ ಕರ್ರನ ಗುಡ್ಡ, ನಡುವ ಒಂದು ಗೆರಿ ಬೆಳಕು. ಅದು ಗುಡ್ಡ ನೋಡಿ "ಅಯ್ಯ, ಭಾಳ ಕತ್ಲದ" ಅಂತ ಬೆಳಕು ಜಾಸ್ತಿ ಒಳಗ ಬಿಡ್ತದ. ಉರಿ ಅಂದ್ರ ಖುದ್ದು ದೀಪ, ಅದು ಬೆಳ್ಳಗಾಗಿ ಹೋಗ್ತದ. ಅದಕ್ಕ ಆಟೊ ಬಿಟ್ಟು ಮ್ಯಾನ್ಯುಯಲ್‌ಗೆ ಬಾ. ಐಎಸ್‌ಒ 800, ಎಫ್ 4, ಶಟರ್ 1/500 ಇಟ್ಟು ಒಂದು ಹೊಡದು ನೋಡು, ಆಮ್ಯಾಲ ದೂರದ ಲೆಕ್ಕದಾಗ ಹೆಚ್ಚು ಕಡಿಮಿ ಮಾಡ್ಕೊ. ಹಿಂದಿನ ಪರದಾದಾಗ ಹಿಸ್ಟೋಗ್ರಾಮ್ (ಬೆಳಕು ಎಷ್ಟದ ಅಂತ ತೋರ್ಸೋ ಗೆರಿ) ನೋಡುವಾಗ ಮೂರೂ ಬಣ್ಣ ಬ್ಯಾರೆ ಬ್ಯಾರೆ ತೋರ್ಸೋದು ಹಚ್ಚು. ಬೆಂಕ್ಯಾಗ ಮದಲ ಸಾಯೋದು ಕೆಂಪು. ಒಟ್ಟು ಗೆರಿ ಛಲೋನೇ ಕಾಣ್ತಿರ್ತದ, ಕೆಂಪು ಮಾತ್ರ ಬಲಗಡಿ ಗೋಡಿಗೆ ಬಡದು ನಿಂತಿರ್ತದ. ಅದು ಹೋದ್ರ ಮತ್ತ ಕಂಪ್ಯೂಟರದಾಗ ಬರಲ್ಲ. ಗುಡ್ಡ ಕರ್ರಗ ಬಂತಂದ್ರ ಅಳಬ್ಯಾಡ, ರಾ ಫೈಲಿನ್ಯಾಗ (ಕ್ಯಾಮೆರಾ ತಿದ್ದದ ಮೂಲ ಫೈಲು) ನೆರಳು ಎಬ್ಬಸಬಹುದು.

ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಆಟೊ ಇಡಬ್ಯಾಡ. 5200 ಕೆಲ್ವಿನ್ ಹಚ್ಚಿ ಮರೆತುಬಿಡು. 2020ರ ಸೆಪ್ಟೆಂಬರ್ 9ಕ್ಕ ಸ್ಯಾನ್ ಫ್ರಾನ್ಸಿಸ್ಕೊ ಊರಿನ ಆಕಾಶ ಕಾಡ್ಗಿಚ್ಚಿನ ಹೊಗಿಗೆ ಪೂರಾ ಕಿತ್ತಳೆ ಆಗಿತ್ತು, ನೆನಪಿರ್ಬೇಕು. ಅಲ್ಲಿ ಮಂದಿ ಫೋನ್ ಎತ್ತಿ ಫೋಟೊ ಹೊಡದ್ರ ಬೂದಿ ಬಣ್ಣ ಬರ್ತಿತ್ತು. ಫೋನಿಗೆ "ಆಕಾಶ ಇಷ್ಟು ಕೆಂಪಿರಾಕ ಸಾಧ್ಯನೇ ಇಲ್ಲ" ಅನ್ನಿಸಿ ತಾನೇ ತಿದ್ದಿಬಿಡ್ತಿತ್ತು. ನಿನ್ನ ಕ್ಯಾಮೆರಾನೂ ಅಷ್ಟೇ ಶ್ಯಾಣೇದು.

ಫೋಕಸ್ಸಿಗೆ: ಉರಿ ಮ್ಯಾಲ ಹಿಡೀಬ್ಯಾಡ, ಅದು ಅಲುಗಾಡ್ತದ. ಉರಿ ಮುಂದ ಒಂದು ಮರದ ಬೊಡ್ಡಿ ಕರ್ರಗ ನಿಂತಿರ್ತದಲ್ಲ, ಅದರ ಅಂಚಿಗೆ ಫೋಕಸ್ ಹಿಡಿದು ಲೆನ್ಸಿನ ಗುಂಡಿ ಎಂಎಫ್‌ಗೆ (ಕೈಲೆ ಫೋಕಸ್ ಮಾಡೋದು) ಸರಿಸು. ಮ್ಯಾಲ ಒಂದು ಟೇಪ್ ಹಚ್ಚು.

ಇನ್ನೊಂದು. ನೀ ಏಳಕ್ಕ ಶುರು ಮಾಡಿ ಎಂಟರ ತನ ನಿಂತಿ. ಹೊತ್ತು ಮುಳುಗಿ 15-20 ನಿಮಿಷ ಆಕಾಶದಾಗ ನೀಲಿ ಉಳಿದಿರ್ತದ, ಗುಡ್ಡದ ಆಕಾರ ಕಾಣ್ತದ, ಹೊಗಿ ಕಾಣ್ತದ. ಅದು ತಪ್ಪಿದ್ರ ಕರಿ ಹಾಳಿ ಮ್ಯಾಲ ಕೆಂಪು ಪೆನ್ನಿನ ಗೀಟು, ಅಷ್ಟೇ.

ಶಹಾಪುರದ ಮಲಗಿದವ (ಯಾದಗಿರಿ ಜಿಲ್ಲೆ)

ಅಕ್ಕೋರು ಕ್ಲಾಸೇ ತಗೊಂಡ್ರು 🙏 ಇದನ್ನ ಸೇವ್ ಮಾಡ್ಕೊಂಡೆ. ಅಣ್ಣಾ, 142ರಾಗ ಒಂದಾರ ಇಲ್ಲಿ ಹಾಕು, ನೋಡಾಮು. ಸುಣ್ಣ ಬಳದಿದ್ದೇ ಆಗಲಿ.

ತಾಂಡಾ ಹುಡುಗ (ಚಿಂಚೋಳಿ ತಾಲ್ಲೂಕು)

ಹೋದ ಐತವಾರ ಸಂಜಿ ಏಳಕ್ಕ ನೋಡೀನಿ ಅಂದ್ರಿ. ಒಂದು ಕೇಳ್ತೀನಿ ಸಿಟ್ಟಾಗಬ್ಯಾಡ್ರಿ. ಫೋಟೊ ಹೊಡಿಯಾಕಿಂತ ಮದಲ ಯಾರಿಗಾರ ಫೋನ್ ಹಚ್ಚೀರೇನ್?

ನಮ್ಮ ಅಪ್ಪ ಬ್ಯಾಸಿಗಿ ನಾಲ್ಕು ತಿಂಗಳು ಬೆಂಕಿ ಕಾವಲಿಗೆ ಹೋಗ್ತಾನ. ದಿನಗೂಲಿ. ಆ ರಾತ್ರಿ ಅವ್ರಿಗೆ ಸುದ್ದಿ ಮುಟ್ಟಿದ್ದು ಹತ್ತೂವರಿಗೆ, ಅದೂ ಗುಡ್ಡದ ಆ ಕಡಿ ತಾಂಡಾದವ್ರು ಕೂಗ್ಯಾಡಿದ ಮ್ಯಾಲ. ರೋಡಿನ ಕಡಿಂದ ಒಂದೂ ಫೋನ್ ಬಂದಿಲ್ಲ ಅಂದ. ಬೆಳಗಾಮುಂಜಾನಿ ನಾಲ್ಕಕ್ಕ ಮನಿಗಿ ಬಂದ, ಮುಖ ಕೈ ತೊಳದ ನೀರು ಕರ್ರಗ ಹರೀತು.

ಮುಲ್ಲಾಮಾರಿ ದಂಡಿ

ಹಚ್ಚಿಲ್ಲ ತಮ್ಮಾ.

ಸುಳ್ಳ್ಯಾಕ ಹೇಳ್ಲಿ. ಅಷ್ಟು ದೊಡ್ಡ ಬೆಂಕಿ, ಅವ್ರಿಗೆ ಗೊತ್ತೇ ಇರ್ತದ ಅನ್ಕೊಂಡೆ. ಈಗ ಸ್ಯಾಟಲೈಟ್ ಅದಾವ, ಎಲ್ಲಾ ಅವ್ರ ಮೊಬೈಲಿಗೆ ಬರ್ತದ ಅಂತ ಎಲ್ಲೋ ಓದಿದ್ದೆ.

ಮಾಂಜ್ರಾ (ಬೀದರ್)

ಅದು ಅರ್ಧ ನಿಜ. ನಾನು ಭೂಗೋಳ ಪಾಠ ಮಾಡುವವನು, ಹಾಗಾಗಿ ಇಷ್ಟು ಹೇಳಬಲ್ಲೆ. ಬೆಂಕಿ ಹುಡುಕುವ ಉಪಗ್ರಹಗಳು ನಮ್ಮ ತಲೆಯ ಮೇಲೆ ಸದಾ ನಿಂತಿರುವುದಿಲ್ಲ, ಸುತ್ತುತ್ತಿರುತ್ತವೆ. ವಿಐಐಆರ್‌ಎಸ್ ಎಂಬ ಉಪಕರಣವಿರುವ ಸುವೋಮಿ ಎನ್‌ಪಿಪಿ ಮಧ್ಯಾಹ್ನ ಒಂದೂವರೆಯ ಆಸುಪಾಸಿನಲ್ಲಿ ಒಮ್ಮೆ, ರಾತ್ರಿ ಒಂದೂವರೆಯ ಆಸುಪಾಸಿನಲ್ಲಿ ಒಮ್ಮೆ ಹಾದುಹೋಗುತ್ತದೆ. ಅದರ ಚಿತ್ರದ ಒಂದು ಚೌಕ ನೆಲದ ಮೇಲೆ 375 ಮೀಟರ್. ಹಳೆಯ ಮೋಡಿಸ್ ಉಪಕರಣದ್ದು 1 ಕಿಲೋಮೀಟರ್. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಈ ಮಾಹಿತಿಯನ್ನೇ ಸೋಸಿ ಇಲಾಖೆಯವರಿಗೆ ಎಚ್ಚರಿಕೆ ಸಂದೇಶ ಕಳುಹಿಸುತ್ತದೆ. ನಾಸಾದ ಫರ್ಮ್ಸ್ ನಕ್ಷೆಯಲ್ಲಿ ನಾವೂ ನೀವೂ ಪುಕ್ಕಟೆ ನೋಡಬಹುದು, ಸುಮಾರು ಮೂರು ತಾಸಿನೊಳಗೆ ಚುಕ್ಕಿ ಬೀಳುತ್ತದೆ.

ಈಗ ಲೆಕ್ಕ ಹಾಕಿ. ಸಂಜೆ ಐದಕ್ಕೋ ಆರಕ್ಕೋ ಹೊತ್ತಿದ ಬೆಂಕಿ. ಮಧ್ಯಾಹ್ನದ ಸುತ್ತು ಮುಗಿದಿದೆ, ಮುಂದಿನದು ನಡುರಾತ್ರಿ ದಾಟಿದ ಮೇಲೆ. ಬೇರೆ ಉಪಗ್ರಹಗಳೂ ಇವೆ, ಆದರೂ ಏಳು ಗಂಟೆಗೆ ಆ ರಸ್ತೆಯಲ್ಲಿ ಕಣ್ಣು ತೆರೆದು ನಿಂತಿದ್ದವರು ನೀವೊಬ್ಬರೇ.

112ಕ್ಕೆ ಹೊಡೆದರೆ ಅಗ್ನಿಶಾಮಕದವರಿಗೆ ಮುಟ್ಟುತ್ತದೆ. ವಲಯ ಅರಣ್ಯ ಕಚೇರಿಯ ನಂಬರನ್ನು ಹಗಲಲ್ಲೇ ಬರೆದಿಟ್ಟುಕೊಳ್ಳಿ. ಹೇಳುವಾಗ "ಗುಡ್ಡಕ್ಕ ಬೆಂಕಿ ಹತ್ಯದ" ಅಂದರೆ ಸಾಲದು. ಯಾವ ರಸ್ತೆ, ಎಷ್ಟನೇ ಕಿಲೋಮೀಟರ್ ಕಲ್ಲು, ಎಡಕ್ಕೋ ಬಲಕ್ಕೋ, ಬೆಂಕಿ ಮೇಲಕ್ಕೆ ಹೋಗುತ್ತಿದೆಯೋ ಕೆಳಕ್ಕೋ. ಫೋಟೊ ತೆಗೆಯುವವರಿಗೆ ಇದು ಕಷ್ಟವಲ್ಲ, ಫೋನಿನಲ್ಲಿ ತೆಗೆದ ಒಂದು ಫೋಟೊ ಲೊಕೇಶನ್ ಸಮೇತ ಕಳುಹಿಸಿದರೂ ಅವರಿಗೆ ಅರ್ಧ ಕೆಲಸ ಆಯಿತು.

ಶಹಾಪುರದ ಮಲಗಿದವ

ಮಾಸ್ತರ್ರೇ, ನನ್ನ ದೋಸ್ತನ ಹತ್ರ ಡ್ರೋನ್ ಅದ. ಇಂಥಾ ಟೈಮಿನ್ಯಾಗ ಹಾರ್ಸಿದ್ರ ಬೆಂಕಿ ಎಲ್ಲಿ ತನ ಬಂದದ ಅಂತ ಅವ್ರಿಗೂ ತೋರಿಸಬಹುದು, ನಮಗೂ ವಿಡಿಯೊ ಆಗ್ತದ. ಒಂದು ಕಲ್ಲಿಗೆ ಎರಡು ಹಕ್ಕಿ.

ಗುಂಡ್ಲುಪೇಟೆ ಕಡೆಯವ (ಈಗ ಯಾದಗಿರಿ)

ದಯವಿಟ್ಟು ಬೇಡ. ನಾನು ಬ್ಯಾಂಕ್ ಕೆಲಸಕ್ಕೆ ಯಾದಗಿರಿಗೆ ಬಂದವನು, ಊರು ಬಂಡೀಪುರದ ಮಗ್ಗುಲು. 2019ರ ಫೆಬ್ರವರಿ ಬೆಂಕಿ ಹತ್ತಿದಾಗ ರಜೆಗೆ ಊರಲ್ಲಿದ್ದೆ. 21ನೇ ತಾರೀಕು ಶುರುವಾಗಿದ್ದು ಗಾಳಿಗೆ ಸಿಕ್ಕಿ ಗೋಪಾಲಸ್ವಾಮಿ ಬೆಟ್ಟದ ಕಡೆಗೆಲ್ಲ ಹಬ್ಬಿತು. ನಾಲ್ಕು ಸಾವಿರ ಹೆಕ್ಟೇರ್‌ಗೂ ಹೆಚ್ಚು ಸುಟ್ಟಿತು. ಕೊನೆಗೆ 25ಕ್ಕೆ ವಾಯುಪಡೆಯ ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್‌ನಲ್ಲಿ ಕೆರೆ ನೀರು ತುಂಬ್ಕೊಂಡು ಬಂದು ಸುರಿದವು. ಅಷ್ಟು ಕೆಳಗೆ ಹಾರೋ ಹೆಲಿಕಾಪ್ಟರ್ ಮುಂದೆ ಒಂದು ಡ್ರೋನ್ ಬಂದ್ರೆ ಅವರು ವಾಪಸ್ ಹೋಗಲೇಬೇಕು. ಅಮೆರಿಕದಲ್ಲಿ ಕಾಡ್ಗಿಚ್ಚಿನ ಟೈಮಲ್ಲಿ ಇದೇ ಕಾರಣಕ್ಕೆ ಎಷ್ಟೋ ಸಲ ವಿಮಾನ ಇಳಿಸಿಬಿಟ್ಟಿದಾರೆ.

ಆವತ್ತು ಇನ್ನೊಂದು ನೋಡಿದೆ. ಹೈವೇ ಮೇಲೆ ಕಾರು ನಿಲ್ಲಿಸ್ಕೊಂಡು ಸೆಲ್ಫಿ. ಅಲ್ಲಿ ರಸ್ತೆ ಎಷ್ಟು ಅಗಲ ಅಂತೀರಿ? ನೀರಿನ ಟ್ಯಾಂಕರ್ ಹಾರ್ನ್ ಹೊಡ್ಕೊಂಡು ನಿಂತಿತ್ತು.

ಗುಂಡ್ಲುಪೇಟೆ ಕಡೆಯವ

ಇನ್ನೂ ಒಂದು ಸೇರಿಸ್ತೀನಿ, ಮನಸ್ಸಲ್ಲಿ ಕೊರೀತಿದೆ. ಆ ನಾಲ್ಕೈದು ದಿನ ವಾಟ್ಸಾಪ್‌ನಲ್ಲಿ ಬಂದ ಫೋಟೊಗಳಲ್ಲಿ ಎಷ್ಟೋ ಬಂಡೀಪುರದ್ದೇ ಅಲ್ಲ. ಸುಟ್ಟ ಪ್ರಾಣಿ, ಮರಿ ತಬ್ಬಿಕೊಂಡ ಕೋತಿ, ಎಲ್ಲೆಲ್ಲಿಂದಲೋ ತಂದು ಹಾಕಿದ್ದು. ನಮ್ಮ ಅವ್ವ ಅದನ್ನ ನೋಡಿ ಅತ್ತಳು. ಸುಳ್ಳು ಅಂತ ಹೇಳಿದ್ರೂ ಅಳು ನಿಲ್ಲಲಿಲ್ಲ, "ಎಲ್ಲಿದ್ದಾದ್ರೇನು, ಪ್ರಾಣಿ ತಾನೆ" ಅಂದಳು. ಅವಳ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ.

ದೊಡ್ಡವರೂ ಬೀಳ್ತಾರೆ. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆಜಾನ್ ಕಾಡು ಉರಿಯುವಾಗ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರಾನ್ ಹಾಕಿದ ಫೋಟೊ ಲೊರೆನ್ ಮೆಕಿಂಟೈರ್ ತೆಗೆದಿದ್ದು. ಆ ಮನುಷ್ಯ ತೀರಿಕೊಂಡಿದ್ದು 2003ರಲ್ಲಿ.

ಕರಿಭೂಮಿ

ಇದಕ್ಕ ನಂದೂ ಒಂದು ಸೇರಸ್ತೀನಿ. ನನ್ನ ಒಂದು ಬಣವಿ ಬೆಂಕಿ ಫೋಟೊ, ಆಳಂದ ಕಡಿ ತೆಗೆದದ್ದು, ಎರಡು ವರ್ಷ ಆದ ಮ್ಯಾಲ ಬ್ಯಾರೆ ರಾಜ್ಯದ ಕಾಡಿನ ಬೆಂಕಿ ಅಂತ ನನ್ನ ಫೋನಿಗೇ ಬಂತು. ಮೂಲ್ಯಾಗ ನನ್ನ ಹೆಸರು ಕತ್ತರಿಸಿ ಒಗದಿದ್ರು. ಅವತ್ತಿಂದ ಬೆಂಕಿ ಫೋಟೊದಾಗ ಒಂದು ಗುರ್ತು ಇರೋ ಹಂಗ ತೆಗಿತೀನಿ: ಕಿಲೋಮೀಟರ್ ಕಲ್ಲು, ಬಸ್ ನಿಲ್ದಾಣದ ಬೋರ್ಡು, ಗುಡಿ ಗೋಪುರ. ಬರೀ ಉರಿ ಇದ್ರ ಅದಕ್ಕ ಊರಿಲ್ಲ, ಯಾರ ಬೇಕಾದವ್ರು ಯಾವ ಊರಿಗಾರ ಒಯ್ತಾರ.

ಒಂದು ಒಳ್ಳೇದೂ ಹೇಳಬೇಕಲ್ಲ. 2000ದ ಆಗಸ್ಟ್ 6ಕ್ಕ ಅಮೆರಿಕದ ಮೊಂಟಾನಾದಾಗ ಬಿಟರ್‌ರೂಟ್ ಅರಣ್ಯ ಉರಿವಾಗ ಜಾನ್ ಮೆಕೊಲ್ಗನ್ ಅನ್ನವ ತೆಗೆದ ಫೋಟೊ ನೋಡ್ರಿ. ಎರಡು ಎಲ್ಕ್ (ನಮ್ಮ ಕಡವಿಯಂಥಾ ದೊಡ್ಡ ಜಿಂಕಿ) ಹೊಳಿ ನಡುವ ನಿಂತಾವ, ಹಿಂದ ದಂಡಿ ಮ್ಯಾಲಿನ ಕಾಡು ಪೂರಾ ಕೆಂಪಗ ಉರೀತದ. ಅವ ಫೋಟೊಗ್ರಾಫರ್ ಅಲ್ಲ, ಬೆಂಕಿ ಯಾವ ಕಡಿ ಹೋಗ್ತದ ಅಂತ ಲೆಕ್ಕ ಹಾಕೋ ಸರ್ಕಾರಿ ನೌಕರ. ಕೈಯಾಗಿದ್ದದ್ದು ಕೊಡಾಕ್ ಡಿಸಿ 280, ಎರಡು ಮೆಗಾಪಿಕ್ಸೆಲ್ ಚಿಲ್ಲರಿ ಡಬ್ಬಿ. ಅದೂ ಮದಲಿಗೆ ಹೆಸರಿಲ್ಲದೇ ಇ-ಮೇಲ್ ಒಳಗ ಜಗತ್ತು ಸುತ್ತಿ ಬಂತು. ಹೇಳೋದೇನಂದ್ರ, ಅವ ಅಲ್ಲಿ ಇದ್ದದ್ದು ಫೋಟೊಕ್ಕಲ್ಲ, ಕೆಲಸಕ್ಕ.

ಮುಲ್ಲಾಮಾರಿ ದಂಡಿ

ಆ ಫೋಟೊ ಈಗ ನೋಡ್ದೆ. ಎರಡು ಮೆಗಾಪಿಕ್ಸೆಲ್! ನಾ ಈ ವರ್ಷ ಕಂತಿನ ಮ್ಯಾಲ ಕ್ಯಾಮೆರಾ ಬಾಡಿ ತಗೊಂಡು ಕುಂತೀನಿ.

ಆದ್ರ ಅಕ್ಕೋರೆ, ಅಲ್ಲಿ ಉರಿ ಮರದ ತುದಿ ತನ ಅದ. ನಾ ನೋಡಿದ್ದು ಬರೀ ನೆಲದ ಮ್ಯಾಲ ಹರಿಯೋ ಗೆರಿ. ನಮ್ಮ ಕಡಿ ಹಂಗ ಬರಂಗಿಲ್ಲೇನು?

ಮಾಂಜ್ರಾ

ಬರುವುದು ತೀರಾ ಅಪರೂಪ, ಬರದಿರಲಿ. ಅಲ್ಲಿಯದು ಸೂಜಿ ಎಲೆಯ ಮರಗಳ ಕಾಡು, ರಾಳ ತುಂಬಿದ ಮರ, ನೆತ್ತಿಯಿಂದ ನೆತ್ತಿಗೆ ಬೆಂಕಿ ಹಾರುತ್ತದೆ. 1988ರಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ಉರಿದದ್ದು ಹಾಗೆ. 7,93,880 ಎಕರೆ, ಅಂದರೆ ಉದ್ಯಾನದ ಮೂರನೇ ಒಂದು ಭಾಗಕ್ಕೂ ಹೆಚ್ಚು. ಸಾವಿರಾರು ಜನ ತಿಂಗಳುಗಟ್ಟಲೆ ಹೆಣಗಿದರೂ ಅದು ಮಣಿದದ್ದು ಸೆಪ್ಟೆಂಬರ್ 11ರ ಹಿಮಕ್ಕೆ. ಟಿವಿಯಲ್ಲಿ ಆ ಉರಿ ನೋಡಿದ ಜನ ಯೆಲ್ಲೊಸ್ಟೋನ್ ಮುಗಿಯಿತು ಅಂದುಕೊಂಡರು. ಅಲ್ಲಿಯ ಲಾಡ್ಜ್‌ಪೋಲ್ ಪೈನ್ ಎಂಬ ಮರದ ಕೆಲವು ಕಾಯಿಗಳು ರಾಳದಿಂದ ಮುಚ್ಚಿಕೊಂಡಿರುತ್ತವೆ, ಬೆಂಕಿಯ ಕಾವಿಗೆ ರಾಳ ಕರಗಿದಾಗಲೇ ಬೀಜ ಉದುರುವುದು. ಮುಂದಿನ ವರ್ಷಗಳಲ್ಲಿ ಕರಿನೆಲದ ತುಂಬ ಸಸಿ. ಅದನ್ನು ತೋರಿಸಲು ಮಾತ್ರ ಅಷ್ಟು ಟಿವಿಗಳು ಹೋಗಲಿಲ್ಲ.

ಅದನ್ನು ತಂದು ಇಲ್ಲಿ ಅಂಟಿಸಬೇಡಿ, ನಮ್ಮ ಕಾಡಿನ ಲೆಕ್ಕ ಬೇರೆ. ಚಿಂಚೋಳಿಯದು ರಾಷ್ಟ್ರೀಯ ಉದ್ಯಾನ ಅಲ್ಲ, ವನ್ಯಜೀವಿಧಾಮ. 2011ರಲ್ಲಿ ಆದದ್ದು, 134.88 ಚದರ ಕಿಲೋಮೀಟರ್. ನಮ್ಮ ಮೂರು ಜಿಲ್ಲೆಯಲ್ಲಿ ರಾಷ್ಟ್ರೀಯ ಉದ್ಯಾನ ಒಂದೂ ಇಲ್ಲ. ಎಲೆ ಉದುರುವ ಒಣ ಕಾಡು. ಶಿವರಾತ್ರಿ ಹೊತ್ತಿಗೆ ನೆಲದ ಮೇಲೆ ಮೊಳಕಾಲುದ್ದ ಒಣ ಹುಲ್ಲು, ತರಗೆಲೆ. ಬೆಂಕಿ ಅದನ್ನು ತಿನ್ನುತ್ತಾ ಹೋಗುತ್ತದೆ. ದೊಡ್ಡ ಮರ ಬಹಳಷ್ಟು ಉಳಿಯುತ್ತದೆ, ಸಸಿ ಉಳಿಯುವುದಿಲ್ಲ. ವರ್ಷ ವರ್ಷ ಹೀಗೇ ಆದರೆ ಮುಂದೆ ದೊಡ್ಡ ಮರ ಆಗುವುದು ಯಾವುದು?

ಸಿಡಿಲಿಗೆ ಹತ್ತಿತು ಅನ್ನುವ ಹಾಗೂ ಇಲ್ಲ. ಹೆಚ್ಚುಕಡಿಮೆ ಎಲ್ಲಾ ಮನುಷ್ಯರ ಕೈಯ ಬೆಂಕಿ. ನಮ್ಮ ಬೀದರ್ ಕಡೆ ಕಬ್ಬಿನ ರವದಿ ಸುಡುತ್ತಾರೆ, ಅದು ಬದು ದಾಟಿ ಹೊನ್ನಿಕೇರಿ ಕಡೆಯ ಹುಲ್ಲಿಗೆ ಬಂತೆಂದರೆ ಕೃಷ್ಣಮೃಗ ಎಲ್ಲಿಗೆ ಓಡಬೇಕು?

ತಾಂಡಾ ಹುಡುಗ

ಬರೀ ರೈತರ ಮ್ಯಾಲ ಹಾಕಬ್ಯಾಡ್ರಿ ಮಾಸ್ತರ್ರೇ. ಮದಲು ದನ ಕಾಯವ್ರ ಮ್ಯಾಲ ಹಾಕ್ತಾರ, ಆಮ್ಯಾಲ ನಮ್ಮ ತಾಂಡಾದವ್ರ ಮ್ಯಾಲ. ಹೊಸ ಹುಲ್ಲು ಬರ್ಲಿ ಅಂತ ಕಡ್ಡಿ ಗೀರವ್ರು ಇದ್ದಾರ, ಇಲ್ಲ ಅನ್ನಲ್ಲ. ಆದ್ರ ರೋಡ್ ದಂಡಿಗೆ ಬೀಡಿ ಸಿಗರೇಟು ಒಗೆಯೋ ಕಾರಿನವ್ರೂ ಇದ್ದಾರ. ಅಪ್ಪ ಹೇಳ್ತಾನ, ಬೆಂಕಿ ಶುರು ಆದ ಜಾಗಕ್ಕ ಹೋಗಿ ನೋಡಿದ್ರ ಭಾಳ ಸಲ ಅದು ರೋಡಿಂದ ಹತ್ತು ಹೆಜ್ಜಿ ಒಳಗೇ ಇರ್ತದಂತ.

ಫೋಟೊದವ್ರಿಗೆ ಅಪ್ಪ ಹೇಳಿದ್ದು ಇಲ್ಲಿ ಹಾಕ್ತೀನಿ. ನಿನ್ನಿ ಈ ಚರ್ಚಾ ಅವಂಗ ಓದಿ ಹೇಳ್ದೆ, ಊಟ ಬಿಟ್ಟು ಕೇಳ್ದ.

ಬೆಂಕಿ ಗುಡ್ಡ ಹತ್ತುವಾಗ ಓಡ್ತದ, ಇಳಿವಾಗ ನಡೀತದ. ಅದಕ್ಕ ಎಂದೂ ಬೆಂಕಿಗಿಂತ ಮ್ಯಾಲ ನಿಂದರಬ್ಯಾಡ್ರಿ. ಮ್ಯಾಲ ನಿಂತ್ರ ಛಲೋ ಕಾಣ್ತದ ಅಂತ ಹತ್ತವ್ರೇ ಜಾಸ್ತಿ. ಹಳ್ಳದಂಥಾ ಸಂದಿಯೊಳಗೂ ಹೋಗಬ್ಯಾಡ್ರಿ, ಅದು ಚಿಮಣಿ ಇದ್ದಂಗ, ಉರಿ ಎಳೀತದ. ಹೋಗಾಕ ಒಂದು ದಾರಿ ಇದ್ರ ಬರಾಕ ಎರಡಿರಬೇಕು. ಬೆನ್ನ ಹಿಂದ ಸುಟ್ಟ ಜಾಗ ಇದ್ರ ಅದೇ ಮನಿ, ಒಮ್ಮಿ ತಿಂದು ಹೋದದ್ದಕ್ಕ ಬೆಂಕಿ ಮತ್ತ ಬರಂಗಿಲ್ಲ. ಗಾಳಿ ನಿಂತದ ಅಂತ ಧೈರ್ಯ ಮಾಡಬ್ಯಾಡ್ರಿ, ನಿಂತ ಗಾಳಿ ತಿರಗಾಕ ನಿಂತಿರ್ತದ.

ಬಟ್ಟಿ ಹತ್ತಿ ಅರಿವಿದು ಹಾಕ್ಕೊರಿ. ಆ ಜಾರೋ ಜರ್ಕಿನ್ನು ಮೈಗೆ ಅಂಟ್ತದ. ಅಪ್ಪನ ಜೋಡಿ ಇದ್ದವನ ತೋಳಿಗಿ ಹಂಗೇ ಅಂಟಿತ್ತು.

ಕರಿಭೂಮಿ

ಅಪ್ಪಗ ನನ್ನ ಶರಣು ಹೇಳು. ಕಿಡಿ ಬಿದ್ದ ನೈಲಾನು ಕರಗಿ ಚರ್ಮಕ್ಕ ಕೂಡ್ತದ, ಅದು ಅಕ್ಷರಶಃ ಖರೆ. ಕಣ್ಣಿಗೆ ಲೆನ್ಸ್ ಹಾಕವ್ರು ಅವತ್ತು ಚಶ್ಮಾ ಹಾಕ್ಕೊರಿ. ಗಾಡಿ ವಾಪಸ್ ಹೋಗೋ ಮುಖ ಮಾಡಿ ನಿಲ್ಲಸ್ರಿ, ಚಾವಿ ಗಾಡ್ಯಾಗೇ ಇರಲಿ.

ಗುಂಡ್ಲುಪೇಟೆ ಕಡೆಯವ

2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸೋಕೆ ಹೋದ ಒಬ್ಬ ಅರಣ್ಯ ರಕ್ಷಕ ತೀರಿಹೋದ. ಚಿಕ್ಕ ವಯಸ್ಸು. ದಿನಾ ಅದೇ ಕಾಡಲ್ಲಿ ಓಡಾಡೋವನೇ ಸಿಕ್ಕಿಕೊಂಡ. ಕ್ಯಾಮೆರಾ ಕಣ್ಣಿಗೆ ಹಿಡಿದವನಿಗೆ ಪಕ್ಕದಲ್ಲಿ ಏನಾಗ್ತಿದೆ ಅಂತಾನೇ ಕಾಣಲ್ಲ.

ಶಹಾಪುರದ ಮಲಗಿದವ

ಡ್ರೋನ್ ಮಾತು ವಾಪಸ್ ತಗೊಂಡೆ 🙏 ಆದ್ರ ಒಂದು ಡೌಟು. ಇಷ್ಟೆಲ್ಲಾ ಕೇಳಿದ್ರ ಬೆಂಕಿ ಫೋಟೊ ತೆಗಿಯೋದೇ ಬ್ಯಾಡ ಅಂದಂಗ ಆತಲ್ಲ? ಹಂಗಾದ್ರ ಮಂದಿಗೆ ಗೊತ್ತಾಗೋದು ಹ್ಯಾಂಗ? ಬಂಡೀಪುರಕ್ಕ ಹೆಲಿಕಾಪ್ಟರ್ ಬಂದಿದ್ದು ಟಿವ್ಯಾಗ ಬಂದ ಮ್ಯಾಲೇ ಅಲ್ಲೇನು? ನಮ್ಮ ಕಡಿ ಗುಡ್ಡ ಉರಿದ್ರ ಯಾರೂ ಕೇಳಲ್ಲ, ಯಾಕಂದ್ರ ಇಲ್ಲಿ ಹುಲಿ ಇಲ್ಲ.

ಕರಿಭೂಮಿ

ಮಲಗಿದವ ಎದ್ದು ಕುಂತ ನೋಡ್ರಿ. ನೀ ಕೇಳಿದ್ದು ಸರಿ ಅದ. ತೆಗೀಬೇಕು. ನಾ ಜಗಳಾಡೋದು ಯಾವದನ್ನ ತೆಗಿತೀರಿ ಅಂಬೋದಕ್ಕ.

ಉರಿ ತೆಗಿಯೋದು ಒಂದು ಸಂಜೀದು. ಅದು ನೋಡಾಕ ಚಂದ ಇರ್ತದ ಅನ್ನೋದೇ ನನಗ ತ್ರಾಸ. ಮಂದಿ ಹೃದಯದ ಚಿತ್ರ ಒತ್ತಿ ಮುಂದ ಹೋಗ್ತಾರ. ನನಗ ಕೆಲಸಕ್ಕ ಬಂದ ಫೋಟೊ ಎಲ್ಲಾ ಅಂಚಿನವು: ಅರ್ಧ ಸುಟ್ಟದ, ಅರ್ಧ ಉಳಿದದ, ನಡುವ ಒಬ್ಬ ಮನಷ್ಯಾ ಹಸಿ ಟೊಂಗಿ ಹಿಡ್ದು ಬಡೀಲತ್ತಾನ. ನಮ್ಮ ಉರಿ ಮೊಳಕಾಲು ಎತ್ತರ, ಹೆಚ್ಚಂದ್ರ ನಡದ ತನ. ಮನಷ್ಯಾ ಇಲ್ಲಾಂದ್ರ ಫೋಟೊದಾಗ ಅದರ ಅಳತಿನೇ ತಿಳಿಯಲ್ಲ.

ಮುಲ್ಲಾಮಾರಿ, ಆ ಸುಟ್ಟ ಜಾಗ ಹಗಲ ಹೊತ್ತಿನ್ಯಾಗ ನೋಡೀಯೇನು?

ಮಾಂಜ್ರಾ

ಹೋಗುವುದಾದರೆ ಅನುಮತಿ ತೆಗೆದುಕೊಂಡೇ ಹೋಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಪ್ರಕಾರ ವನ್ಯಜೀವಿಧಾಮದೊಳಗೆ ಸುಮ್ಮನೆ ನುಗ್ಗುವಂತಿಲ್ಲ. 28ನೇ ಕಲಂನಲ್ಲಿ ಯಾವ್ಯಾವ ಕಾರಣಕ್ಕೆ ಅನುಮತಿ ಕೊಡಬಹುದು ಎಂಬ ಪಟ್ಟಿ ಇದೆ, ಫೋಟೊ ತೆಗೆಯುವುದೂ ಅದರಲ್ಲಿದೆ. ಬೆಂಕಿ ಹಚ್ಚುವುದು 30ನೇ ಕಲಂ. ಕ್ಯಾಮೆರಾ ಹಿಡಿದು ಬೆಂಕಿಯ ಪಕ್ಕ ಅನುಮತಿ ಇಲ್ಲದೆ ಸಿಕ್ಕರೆ ಮೊದಲ ಅನುಮಾನ ಯಾರ ಮೇಲೆ ಬರುತ್ತದೆ ಎಂದು ನಾನು ಹೇಳಬೇಕಿಲ್ಲ.

ಮುಲ್ಲಾಮಾರಿ ದಂಡಿ

ಹತ್ತು ದಿನ ಆದ ಮ್ಯಾಲ ಬರಿಲತ್ತೀನಿ. ಅನುಮತಿ ಚಿಟ್ಟಿ ಸಿಗಾಕೇ ನಾಲ್ಕು ದಿನ ಹಿಡೀತು, ಮದಲ ಎರಡು ದಿನ ಸಾಹೇಬ್ರು ಇಲ್ಲ, ಮೂರನೇ ದಿನ ಸಿಕ್ಕಾ ಇಲ್ಲ. ಇರಲಿ. ಶನಿವಾರ ಮುಂಜಾನಿ ತಾಂಡಾ ಹುಡುಗ, ಅವ್ರ ಅಪ್ಪ ಇಬ್ರೂ ಜೋಡಿ ಬಂದ್ರು. ಗಾರ್ಡ್ ಒಬ್ರು ಇದ್ರು.

ನಾ ಏನ್ ಅನ್ಕೊಂಡಿದ್ದೆ ಅಂದ್ರ, ಎಲ್ಲಾ ಕರ್ರಗ ಇರ್ತದ, ತೆಗಿಯಾಕ ಏನಿರ್ತದ ಅಂತ. ಹೋಗಿ ನಿಂತ್ರ ಕಾಲಾಗ ಮದಲ ಸಿಕ್ಕದ್ದು ಬಿಳೀದು. ಒಂದು ಬಿದ್ದ ಮರ ಇತ್ತಂತ ಅಲ್ಲಿ. ಅದು ಒಳಗೊಳಗೇ ಮೂರು ದಿನ ಉರಿದು ಪೂರಾ ಬೂದಿ ಆಗ್ಯದ. ಕರಿ ನೆಲದ ಮ್ಯಾಲ ಮರದ್ದೇ ಆಕಾರ, ಬೊಡ್ಡಿ, ಟೊಂಗಿ, ಸಣ್ಣ ರೆಂಬಿ ತನ, ರಂಗೋಲಿ ಹಿಟ್ಟಿನ್ಯಾಗ ಬರದಂಗ ಮಲಗ್ಯದ. ನಾ ಉಸರು ಬಿಟ್ರ ಅಂಚು ಹಾರ್ತಿತ್ತು. ನೆಲಕ್ಕ ಹೊಟ್ಟಿ ಹಚ್ಚಿ ಮಲಗಿ ತೆಗೆದೀನಿ, 50 ಎಂಎಂದಾಗ. ಅಂಗಿ ನೋಡಿ ಮನ್ಯಾಗ ಬೈದ್ರು.

ಅಲ್ಲಿಂದ ಮುಂದ ಅಂಚು. ಅಕ್ಕೋರು ಹೇಳಿದ್ದು ಅವಾಗ ತಿಳೀತು. ಒಂದು ಗೇಣಿನ ಅಳತಿ ಹಳದಿ ಹುಲ್ಲು ಇನ್ನೂ ನಿಂತದ, ಅದರ ಬಾಜೂಕ್ಕೇ ಕರಿ. ಅವ್ರ ಅಪ್ಪ "ಇಲ್ಲಿ ನಾನು, ಅಲ್ಲಿ ಅವ, ಆ ಕಲ್ಲಿನ ಹತ್ರ ಇಬ್ರು" ಅಂತ ಯಾರು ಎಲ್ಲಿ ನಿಂತು ಬಡದ್ರು ಅಂತ ತೋರಿಸ್ತಿದ್ದ. ಅವ್ರು ಬಡದ ತಪ್ಪಲ ಟೊಂಗಿ ಇನ್ನೂ ಅಲ್ಲೇ ಬಿದ್ದಿದ್ವು, ಎಲಿ ಸುರುಟಿ ತುದಿ ಸುಟ್ಟಿದ್ವು. ಒಂದು ಟೊಂಗಿ ಕೈಯಾಗ ಹಿಡ್ಕೊಂಡು ನಿಂದ್ರು ಕಾಕಾ ಅಂದೆ. ನಿಂತ. ಕ್ಯಾಮೆರಾ ಕಡಿ ನೋಡ್ಲಿಲ್ಲ, ಅಂಚಿನ ಕಡೀನೇ ನೋಡ್ತಿದ್ದ.

ನೀಲಕಂಠ ಒಂದು ಕರಿ ನೆಲದ ಮ್ಯಾಲ ಹುಳ ಆರಿಸ್ಲತ್ತಿತ್ತು. ಬೆಂಕಿ ಹತ್ತಿದಾಗಂತೂ ಕಾಜಾಣ, ಹದ್ದು ಹೊಗಿ ಮುಂದೇ ಬರ್ತಾವಂತ, ಓಡೋ ಮಿಡತಿ ಹಿಡಿಯಾಕ. ಕಾಕಾ ಹೇಳ್ದ. ಒಂದು ಆಮಿ ಚಿಪ್ಪೂ ಇತ್ತು. ಅದು ತೆಗೆದೀನಿ, ಹಾಕಲ್ಲ ಇಲ್ಲಿ.

ಒಂದು ಕೇಳಾದದ. ಬೂದಿ ಲೆನ್ಸಿನ ಮ್ಯಾಲ ಕುಂತದ, ಝೂಮ್ ತಿರುವಿದ್ರ ಕರಕರ ಅಂತದ. ಅರಿವಿಲೆ ಒರಸ್ಲೇನು?

ಕರಿಭೂಮಿ

ಒರಸಬ್ಯಾಡ!! ಬೂದಿ ಅಂದ್ರ ಸಣ್ಣ ಉಸುಕು, ಗಾಜು ಗೀರ್ತದ. ಮದಲ ರಬ್ಬರ್ ಪಂಪಿಲೆ ಊದು, ಲೆನ್ಸ್ ಕೆಳಮುಖ ಹಿಡಿದು. ಬಾಯಿಲೆ ಊದಬ್ಯಾಡ, ಉಗುಳು ಬಿದ್ರ ಕೆಸರಾಗ್ತದ. ಆಮ್ಯಾಲ ಮೆತ್ತನ್ನ ಬ್ರಷ್ಷು. ಕಡೀಕ ಬೇಕಾದ್ರ ದ್ರವ ಹಚ್ಚಿದ ಬಟ್ಟಿ. ಝೂಮ್ ಕರಕರ ಅಂದ್ರ ತಿರುಗ್ಸೋದು ನಿಲ್ಸಿ ರಿಪೇರಿಗೆ ಕೊಡು. ಅಲ್ಲಿ ಲೆನ್ಸ್ ಬದಲ ಮಾಡಿದ್ದಿಲ್ಲ ಹೌದಲ್ಲೋ?

ಮುಲ್ಲಾಮಾರಿ ದಂಡಿ

...ಎರಡು ಸಲ ಮಾಡೀನಿ ಅಕ್ಕೋರೆ.

ಕರಿಭೂಮಿ

ಸೆನ್ಸರ್ ಕ್ಲೀನಿಂಗಿಗೆ ರೊಕ್ಕ ತೆಗೆದಿಡು ಹಂಗಾದ್ರ. ಆ ಬಿಳಿ ಮರದ ಫೋಟೊ ಇಲ್ಲಿ ಹಾಕು ಮದಲು.

ಗುಂಡ್ಲುಪೇಟೆ ಕಡೆಯವ

ಹಾಕಿದ್ದು ನೋಡಿದೆ. ಐದು ನಿಮಿಷ ಸುಮ್ಮನೆ ಕೂತೆ. ಒಂದು ಸಲಹೆ: ನಿಂತ ಜಾಗ ಗುರುತು ಮಾಡಿ ಬಂದಿದೀರಾ? ಅದೇ ಜಾಗ, ಅದೇ ಲೆನ್ಸ್, ಅದೇ ಎತ್ತರದಲ್ಲಿ ಮಳೆ ಬಿದ್ದ ಮೇಲೊಂದು, ದಸರಾಕ್ಕೊಂದು, ಮುಂದಿನ ಶಿವರಾತ್ರಿಗೊಂದು ತೆಗೀರಿ.

ಮುಲ್ಲಾಮಾರಿ ದಂಡಿ

ಮಾಡೀನ್ರೀ. ಫೋನಿನ್ಯಾಗ ಲೊಕೇಶನ್ ಹಿಡ್ದೀನಿ, ಒಂದು ಬಂಡಿಗಲ್ಲಿನ ಸಂದ್ಯಾಗ ಮೂರು ಸಣ್ಣ ಕಲ್ಲು ಇಟ್ಟು ಬಂದೀನಿ. ಟ್ರೈಪಾಡ್ ಎತ್ತರ ನನ್ನ ಎದಿ ಗುಂಡಿ ತನ. ಜೂನ್ ಮಳಿ ಬಿದ್ದ ಮರುವಾರ ಮತ್ತ ಹೋಗವ. ಅವಾಗ ಲಗ್ನ ಸೀಜನ್ನೂ ಮುಗಿದಿರ್ತದ.

ರೇಂಜ್ ಆಫೀಸಿನ ನಂಬರ್ ಫೋನಿನ್ಯಾಗ ಮೂರು ಹೆಸರಿಲೆ ಹಾಕ್ಕೊಂಡೀನಿ. ಬೆಂಕಿ, ಗುಡ್ಡ, ಫಾರೆಸ್ಟ್. ಗಾಬರ್ಯಾಗ ಯಾವದು ನೆನಪಿಗಿ ಬರ್ತದೋ.

ತಾಂಡಾ ಹುಡುಗ

ಅಣ್ಣಾ, ಅಪ್ಪಗ ಅವಂದು ಫೋಟೊ ತೋರಿಸ್ದೆ. ಭಾಳ ಹೊತ್ತು ಹಿಡ್ಕೊಂಡು ನೋಡ್ದ. ಒಂದು ದೊಡ್ಡದು ಪ್ರಿಂಟ್ ಬೇಕಂತ, ರೊಕ್ಕ ಕೊಡ್ತೀನಿ ಅಂದಾನ. ಒಂದೇ ಮಾತು ಹೇಳು ಅಂದ: ನೀವು ಮದುವಿ ಫೋಟೊದವ್ರಲ್ಲ, ಮುಖ ಬೆಳ್ಳಗ ಮಾಡಬ್ಯಾಡ್ರಿ ಅಂತ. ಮಸಿ ಹಂಗೇ ಇರಲಿ ಅಂತ.